ಮರ್ಯಾದೆಗೆ ಕೊಟ್ಟ ಅಂಕಗಳು

ಹೊಸ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಸೇರಿದ ಮೊದಲ ತಂಡದ ವಿದ್ಯಾರ್ಥಿಗಳು ಪದವಿಯ ಕೊನೆಯ ಸೆಮಿಸ್ಟರ್‌ಗೆ ಬಂದಿದ್ದ ವರ್ಷ ಅದು. ನಾನು ಮೈಸೂರಿನ ಒಂದು ಸ್ವಾಯತ್ತ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಅಧೀಕ್ಷಕನಾಗಿದ್ದೆ. ನಿವೃತ್ತಿಗೆ ಸುಮಾರು ಒಂದು ವರ್ಷ ಉಳಿದಿತ್ತು. ಸ್ವಾಯತ್ತ ಕಾಲೇಜೆಂದರೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದರಿಂದ ಹಿಡಿದು ಅಂಕಪಟ್ಟಿ ಅಚ್ಚು ಹಾಕುವವರೆಗೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಕಾಲೇಜು. ಹೊಗಳಿಕೆ ಬಂದರೆ ಅದು ಪ್ರಾಂಶುಪಾಲರಿಗೆ ಹೋಗುತ್ತದೆ, ತಪ್ಪಾದರೆ ಪರೀಕ್ಷಾ ವಿಭಾಗಕ್ಕೆ ಬರುತ್ತದೆ.

ನಾನು ಅಲ್ಲಿಗೆ ಸೇರಿದ್ದು ಬೆರಳಚ್ಚುಗಾರನಾಗಿ, ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ. ಬಿ.ಎ., ಎಂ.ಎ. ಎರಡನ್ನೂ ಅಂಚೆ ತೆರಪಿನ ಶಿಕ್ಷಣದಲ್ಲಿ ಓದಿದೆ. ಗುರುಗಳ ಮುಂದೆ ಕುಳಿತು ಕಲಿಯದವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪುಸ್ತಕ ಹೇಳಿದ್ದನ್ನು ಕೇಳಿ ಖಚಿತಪಡಿಸಿಕೊಳ್ಳಲು ಯಾರೂ ಇಲ್ಲದ್ದರಿಂದ ಪ್ರತಿಯೊಂದು ಮಾತನ್ನೂ ತಾನೇ ಅಲ್ಲಾಡಿಸಿ ನೋಡಬೇಕಾಗುತ್ತದೆ. ‘ಎಲ್ಲರೂ ಹಾಗೆ ಹೇಳುತ್ತಾರೆ’ ಎಂಬ ಸಾಕ್ಷ್ಯವನ್ನು ನಾನು ಎಂದೂ ಒಪ್ಪಿಕೊಂಡವನಲ್ಲ. ಇದರಿಂದ ಕಚೇರಿಯಲ್ಲಿ ನನಗೆ ಮೊಂಡ ಎಂಬ ಹೆಸರು ಬಂದಿತ್ತು. ಆ ಹೆಸರಿನ ವಿಷಯದಲ್ಲಿ ಮಾತ್ರ ಎಲ್ಲರೂ ಹೇಳುವುದು ನಿಜವಿರಬಹುದು.

ಆ ಸೆಮಿಸ್ಟರ್‌ನಲ್ಲಿ ಕಾಲೇಜು ಮೊದಲ ಬಾರಿಗೆ ಒಂದು ಅಂತರ್‌ಶಿಸ್ತೀಯ ಪತ್ರಿಕೆಯನ್ನು ಇಟ್ಟಿತ್ತು. ಎರಡು ಮೂರು ಶಾಸ್ತ್ರಗಳನ್ನು ಒಟ್ಟಿಗೆ ತಂದು ಒಂದೇ ಪ್ರಶ್ನೆಯನ್ನು ನೋಡುವ ಓದಿಗೆ ಆ ಹೆಸರು. ನಮ್ಮ ಪತ್ರಿಕೆಯ ಶೀರ್ಷಿಕೆ ‘ಊರು ಮತ್ತು ನೀರು’. ಮೈಸೂರಿನ ಕೆರೆ, ಬಾವಿ, ನಲ್ಲಿಗಳ ಚರಿತ್ರೆ ಅರ್ಧ, ಆ ನೀರಿನ ರಸಾಯನಶಾಸ್ತ್ರ ಇನ್ನರ್ಧ. ಪಾಠ ಮಾಡಿದವರು ಇತಿಹಾಸದ ಪ್ರೊ. ಪುಟ್ಟಸ್ವಾಮಿ ಮತ್ತು ರಸಾಯನಶಾಸ್ತ್ರದ ಡಾ. ವಿಶಾಲಾಕ್ಷಿ. ಪುಟ್ಟಸ್ವಾಮಿಯವರು ಮಂಡ್ಯದ ಕಡೆಯ ರೈತರ ಮನೆಯಿಂದ ಬಂದವರು, ಮಾತು ಧಾರಾಳ. ವಿಶಾಲಾಕ್ಷಿಯವರು ಯಾದವಗಿರಿಯವರು, ಅಳೆದು ಮಾತನಾಡುವವರು. ಪ್ರಶ್ನೆಪತ್ರಿಕೆಯಲ್ಲಿ ಐದು ಪ್ರಶ್ನೆ ಇತಿಹಾಸದ್ದು, ಐದು ವಿಜ್ಞಾನದ್ದು. ವಿದ್ಯಾರ್ಥಿಗಳು ಯಾವುದಾದರೂ ಐದಕ್ಕೆ ಉತ್ತರಿಸಬಹುದಿತ್ತು. ಒಟ್ಟು ಅಂಕ ಅರವತ್ತು.

ಮೌಲ್ಯಮಾಪನದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಅದಕ್ಕೊಂದು ಗುಪ್ತ ಸಂಖ್ಯೆ ಅಂಟಿಸುತ್ತೇವೆ. ಇದಕ್ಕೆ ಕೋಡಿಂಗ್ ಎಂದು ಹೆಸರು. ಪ್ರತಿ ಪತ್ರಿಕೆಯನ್ನೂ ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ. ಇಲ್ಲಿ ಆ ಇಬ್ಬರು ಪಾಠ ಮಾಡಿದ ಪುಟ್ಟಸ್ವಾಮಿ ಮತ್ತು ವಿಶಾಲಾಕ್ಷಿಯವರೇ. ಮೊದಲನೆಯವರು ಹಾಕಿದ ಅಂಕ ಎರಡನೆಯವರಿಗೆ ಕಾಣುವಂತಿಲ್ಲ. ಇಬ್ಬರ ಅಂಕಗಳ ನಡುವೆ ಒಂಬತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ತೆಗೆಯುವಂತಿಲ್ಲ, ಪತ್ರಿಕೆ ಮೂರನೆಯ ಮೌಲ್ಯಮಾಪನಕ್ಕೆ ಹೋಗಬೇಕು. ಸಾಮಾನ್ಯವಾಗಿ ಒಂದು ತರಗತಿಯಲ್ಲಿ ಹಾಗೆ ಹೋಗುವುದು ಒಂದೋ ಎರಡೋ ಪತ್ರಿಕೆ. ‘ಊರು ಮತ್ತು ನೀರು’ ಪತ್ರಿಕೆಯ ಅಂಕಗಳನ್ನು ಕಂಪ್ಯೂಟರಿಗೆ ಕೊಟ್ಟ ದಿನ ಹೆಚ್ಚುಕಡಿಮೆ ಇಡೀ ತರಗತಿಯೇ ಕೆಂಪು ಬಣ್ಣದಲ್ಲಿ ಬಂತು. ಒಬ್ಬರು ನಲವತ್ತೇಳು ಕೊಟ್ಟ ಪತ್ರಿಕೆಗೆ ಇನ್ನೊಬ್ಬರು ಇಪ್ಪತ್ತು ಕೊಟ್ಟಿದ್ದರು. ಪಾಸಾಗಲು ಇಪ್ಪತ್ತನಾಲ್ಕು ಬೇಕಿತ್ತು. ಇಡೀ ತರಗತಿಯ ಫಲಿತಾಂಶವನ್ನು ತಡೆಹಿಡಿಯಲಾಯಿತು.

ಅಂದು ಮಧ್ಯಾಹ್ನವೇ ಕಾಲೇಜಿನ ಮೂಲೆಮೂಲೆಯಲ್ಲೂ ಅದಕ್ಕೆ ವಿವರಣೆ ಸಿದ್ಧವಾಗಿತ್ತು. ನನಗೆ ತಂದು ಒಪ್ಪಿಸಿದವನು ನಮ್ಮ ವಿಭಾಗದ ಗುಮಾಸ್ತ ಲೋಕೇಶ.

“ಅವ್ರಿಬ್ರಿಗೂ ಆಗ್ಬರಲ್ಲ ಸಾರ್. ಆ ಮೂಲೆ ರೂಮಿನ ಗಲಾಟೆ ನಿಮಗೆ ಗೊತ್ತಿಲ್ವಾ? ಇತಿಹಾಸದೋರ ಹಳೇ ನಾಣ್ಯದ ಬೀರುಗಳನ್ನ ಆಚೆ ಹಾಕ್ಸಿ, ಮೇಡಂ ಅಲ್ಲಿ ಆಸಿಡ್ ಬಾಟ್ಲಿ ಇಡ್ಸಿದ್ರು. ಅವತ್ತಿಂದ ಪುಟ್ಟಸ್ವಾಮಿ ಸಾರ್ ಆ ಕಾರಿಡಾರಲ್ಲೇ ನಡ್ಯಲ್ಲ. ಈಗ ಮಕ್ಕಳ ಮೇಲೆ ತೀರಿಸ್ಕೊಂತಾವ್ರೆ.”

“ನೀನು ಆ ಗಲಾಟೆ ನೋಡಿದ್ದೀಯೇನಪ್ಪಾ?”

“ನಾನೆಲ್ಲಿ ನೋಡ್ಲಿ ಸಾರ್, ನಾನು ಸೇರೋಕೆ ಮುಂಚೆ ಆಗಿದ್ದು. ಎಲ್ರೂ ಹೇಳ್ತಾರೆ.”

ಎಲ್ಲರೂ ಹೇಳುತ್ತಾರೆ ಎಂದೊಡನೆ ನನಗೆ ಅನುಮಾನ ಹುಟ್ಟಿತು. ಅಂಕಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ಜಗಳವೇ ಕಾರಣವಾಗಿದ್ದರೆ ಒಬ್ಬರು ಸದಾ ಕಡಿಮೆ ಕೊಟ್ಟಿರಬೇಕು, ಇನ್ನೊಬ್ಬರು ಸದಾ ಹೆಚ್ಚು ಕೊಟ್ಟಿರಬೇಕು. ಇಲ್ಲಿ ಹಾಗಿರಲಿಲ್ಲ. ಕೆಲವು ಪತ್ರಿಕೆಗಳಲ್ಲಿ ಪುಟ್ಟಸ್ವಾಮಿಯವರು ಉದಾರಿ, ವಿಶಾಲಾಕ್ಷಿಯವರು ಜಿಪುಣರು. ಇನ್ನು ಕೆಲವುಗಳಲ್ಲಿ ಇದು ತಿರುಗಾಮುರುಗಾ ಆಗಿತ್ತು. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಿರುವಾಗ ಹೀಗೆ ಸರದಿಯ ಮೇಲೆ ಜಗಳವಾಡಲು ಯಾರಿಗೂ ಸಾಧ್ಯವಿಲ್ಲ.

ಹಾಗಾದರೆ ಗುಪ್ತ ಸಂಖ್ಯೆಗಳು ಅದಲುಬದಲಾಗಿವೆ ಎಂಬುದು ನನ್ನ ತೀರ್ಮಾನ. ಒಬ್ಬ ವಿದ್ಯಾರ್ಥಿಯ ಅಂಕ ಇನ್ನೊಬ್ಬನ ಸಂಖ್ಯೆಗೆ ಸೇರಿದರೆ ಹೀಗೆಯೇ ಚೆಲ್ಲಾಪಿಲ್ಲಿ ಆಗುತ್ತದೆ. ಲೋಕೇಶನನ್ನು ಕೂರಿಸಿಕೊಂಡು ಎಲ್ಲ ಪತ್ರಿಕೆಗಳನ್ನೂ ಮೊದಲಿಂದ ತಾಳೆ ನೋಡಿದೆ. ಒಂದು ಸಂಖ್ಯೆಯೂ ತಪ್ಪಿರಲಿಲ್ಲ. “ನಾನು ಹೇಳಿದ್ದೇ ಸರಿ ಬುಡಿ ಸಾರ್” ಎಂದು ಲೋಕೇಶ ಕೈ ಕೊಡವಿಕೊಂಡು ಎದ್ದ. ನನ್ನ ತೀರ್ಮಾನ ಸುಳ್ಳಾದ ಮಾತ್ರಕ್ಕೆ ಅವನದು ಹೇಗೆ ನಿಜವಾಗುತ್ತದೆ ಎಂದು ನಾನು ಕೇಳಲಿಲ್ಲ. ಊಟದ ಹೊತ್ತಾಗಿತ್ತು.

ಮಮತಾ ಎಂಬ ಹುಡುಗಿ ಕಿಟಕಿಯ ಬಳಿಗೆ ಬಂದದ್ದು ಮರುದಿನ. ಶ್ರೀರಾಂಪುರದವಳು, ವಿಜ್ಞಾನ ಪದವಿಯ ವಿದ್ಯಾರ್ಥಿನಿ. ಬಿ.ಇಡಿ.ಗೆ ಅವಳ ಹೆಸರು ಆಯ್ಕೆಯಾಗಿತ್ತು. ದಾಖಲೆ ಪರಿಶೀಲನೆಯ ಕೊನೆಯ ದಿನ ಮುಂದಿನ ಸೋಮವಾರ. ಅಷ್ಟರಲ್ಲಿ ಪದವಿಯ ಅಂಕಪಟ್ಟಿ ತೋರಿಸದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತಿತ್ತು. ಬೇರೆ ಎಲ್ಲ ವಿಷಯಗಳಲ್ಲೂ ಅವಳು ಪಾಸಾಗಿದ್ದಳು, ಇದೊಂದೇ ಬಾಕಿ.

“ಸಾರ್, ನಾನು ಫೇಲೋ ಪಾಸೋ ಅಷ್ಟು ಹೇಳ್ಬುಡಿ ಸಾಕು. ಫೇಲಾದ್ರೆ ಅತ್ತು ಸುಮ್ನಾಗ್ತೀನಿ. ಈ ‘ತಡೆಹಿಡಿಯಲಾಗಿದೆ’ ಅಂದ್ರೆ ನಾನು ಅಳ್ಬೇಕೋ ಬೇಡ್ವೋ ಅದೇ ಗೊತ್ತಾಗ್ತಿಲ್ಲ.”

“ಈಗಲೇ ಅಳೋದು ಬೇಡ ಕಣಮ್ಮ. ನೋಡ್ತಾ ಇದ್ದೀವಿ.”

“ನಮ್ಮಮ್ಮಂಗೂ ಅದನ್ನೇ ಹೇಳಿದ್ದೀನಿ ಸಾರ್, ನೋಡ್ತಾ ಇದ್ದಾರೆ ಅಂತ. ಏನ್ ನೋಡ್ತಾವ್ರೆ ಅಂತ ಕೇಳ್ತಾರೆ.”

ಪರೀಕ್ಷಾ ನಿಯಂತ್ರಕರಾಗಿದ್ದ ರಾಜಶೇಖರ್ ಅವರು ಅಷ್ಟರಲ್ಲಿ ಪತ್ರಿಕೆಗಳ ಕಟ್ಟನ್ನು ಮೂರನೆಯ ಮೌಲ್ಯಮಾಪನಕ್ಕೆಂದು ಹೊರಗಿನ ಒಬ್ಬ ನಿವೃತ್ತ ಇತಿಹಾಸ ಪ್ರಾಧ್ಯಾಪಕರಿಗೆ ಒಪ್ಪಿಸಿದ್ದರು. ಅವರು ಅರ್ಧ ದಿನದಲ್ಲಿ ಕಟ್ಟನ್ನು ಹಾಗೆಯೇ ಹಿಂದಿರುಗಿಸಿದರು. ಇದರಲ್ಲಿ ಅರ್ಧ ನನ್ನ ವಿಷಯವಲ್ಲ, ನನಗೆ ತಿಳಿಯದ್ದನ್ನು ನಾನು ಓದಲಾರೆ ಎಂದರು. ರಸಾಯನಶಾಸ್ತ್ರದವರೊಬ್ಬರನ್ನು ಕೇಳಿದಾಗಲೂ ಅದೇ ಮಾತು. ರಾಜಶೇಖರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಂಜುಂಡಯ್ಯನೋರೇ, ಇದು ನಮ್ಮ ಕೈಲಾಗಲ್ಲ. ಮೌಲ್ಯಮಾಪನ ರದ್ದು ಮಾಡಿ ಎರಡು ತಿಂಗಳು ಬಿಟ್ಟು ಮರುಪರೀಕ್ಷೆ ಇಡೋಣ. ಮುಂದಿನ ವರ್ಷದಿಂದ ಈ ಪತ್ರಿಕೇನೇ ಬೇಡ. ಒಂದು ವಿಷಯ ನೆಟ್ಟಗೆ ಕಲಿಸೋಕಾಗದೇ ಇರೋವಾಗ ಎರಡನ್ನ ಬೆರೆಸಿ ಯಾರಿಗೆ ಸುಖ?”

ಮರುಪರೀಕ್ಷೆಯೆಂದರೆ ಮಮತಾಳ ಸೀಟು ಹೋದಂತೆಯೇ. ನಾನು ಎರಡು ದಿನ ಅವಕಾಶ ಕೇಳಿದೆ. ಕೇಳುವಾಗ ಕೈಯಲ್ಲಿ ಉಪಾಯವೇನೂ ಇರಲಿಲ್ಲ. ಹೊರಗಿನ ಪ್ರಾಧ್ಯಾಪಕರ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ತಿಳಿಯದ್ದನ್ನು ಓದಲಾರೆ ಎಂದು ಅವರು ಕಟ್ಟು ಹಿಂದಿರುಗಿಸಿದರು. ಹಾಗಾದರೆ ನಮ್ಮ ಇಬ್ಬರು ತಮಗೆ ತಿಳಿಯದ ಅರ್ಧವನ್ನು ಹೇಗೆ ಓದಿದರು?

ಈ ಪ್ರಶ್ನೆಯನ್ನು ಅವರನ್ನೇ ಕೇಳಬಹುದೆಂದು ಅದುವರೆಗೆ ಯಾರಿಗೂ ತೋಚಿರಲಿಲ್ಲ. ಜಗಳದ ಕಥೆಯನ್ನು ನಂಬಿದವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ಪುಟ್ಟಸ್ವಾಮಿಯವರು ಕ್ಯಾಂಟೀನಿನಲ್ಲಿ ಕಾಫಿಯ ಮುಂದೆ ಸಿಕ್ಕಿದರು. ನಾನು ನೇರವಾಗಿಯೇ ಕೇಳಿದೆ.

“ಅಯ್ಯೋ, ಹೆಂಗ್ ಓದ್ಲಿ ಕಣ್ರೀ ನಂಜುಂಡಯ್ಯನೋರೇ? ಆ ಸೂತ್ರ, ಆ ಬಾಣದ ಗುರುತು, ಅದೆಲ್ಲ ನಂಗೇನ್ ಗೊತ್ತು? ಮಕ್ಳು ಪುಟ ತುಂಬ ಬರ್ದವೆ. ಮೇಡಂ ಪಾಠ ಮಾಡಿದ್ಮೇಲೆ ಸರಿಯಾಗೇ ಬರ್ದಿರ್ತವೆ. ಗೊತ್ತಿಲ್ದೇ ಕತ್ತರಿಸಿದ್ರೆ ಪಾಪ ಬರ್ತದೆ ಅಂತ ಧಾರಾಳವಾಗಿ ಹಾಕ್ಬುಟ್ಟೆ.”

“ನಿಮ್ಮ ಇತಿಹಾಸದ ಉತ್ತರಗಳಿಗೆ?”

“ಅದಕ್ಕೆ ಹಂಗ್ ಬುಡೋಕಾಯ್ತದಾ? ನಾಳೆ ಮೇಡಂ ಕಣ್ಣಿಗೆ ಬಿದ್ರೆ, ಇತಿಹಾಸದೋರು ಕಾಗಕ್ಕ ಗುಬ್ಬಕ್ಕನ ಕಥೆಗೂ ಮಾರ್ಕ್ಸ್ ಹಾಕ್ತಾರೆ ಅಂದ್ಕೊಳಲ್ವಾ? ನಮ್ಮ ಡಿಪಾರ್ಟ್‌ಮೆಂಟ್ ಮರ್ಯಾದೆ ನೋಡಿ. ಈ ಸಲ ಎಂ.ಎ.ಗೂ ಇಷ್ಟು ಬಿಗಿ ಹಿಡಿದಿರ್ಲಿಲ್ಲ ನಾನು.”

ಕಾಫಿ ಅರ್ಧಕ್ಕೆ ಬಿಟ್ಟು ನಾನು ರಸಾಯನಶಾಸ್ತ್ರ ವಿಭಾಗಕ್ಕೆ ಹೋದೆ. ವಿಶಾಲಾಕ್ಷಿಯವರನ್ನೂ ಅದೇ ಪ್ರಶ್ನೆ ಕೇಳಿದೆ.

“ಇತಿಹಾಸದ ಉತ್ತರ ತಪ್ಪು ಅಂತ ನಾನು ಯಾವ ಆಧಾರದ ಮೇಲೆ ಹೇಳ್ಲಿ ನಂಜುಂಡಯ್ಯನೋರೇ? ಚೆನ್ನಾಗಿ ಬರ್ದಿದ್ರು, ಕೊಟ್ಟೆ. ನಮ್ಮ ವಿಷಯದಲ್ಲಿ ಮಾತ್ರ ಸಡಿಲ ಬಿಡೋದು ಸರಿ ಅನ್ಸಲಿಲ್ಲ. ಪುಟ್ಟಸ್ವಾಮಿಯವರು ಹಿರಿಯರು. ಇವರದ್ದೇನು ವಿಜ್ಞಾನ ಅಂತ ಅವರಿಗೆ ಅನ್ನಿಸಬಾರದಲ್ಲ.”

“ನಿಮ್ಮಿಬ್ಬರಿಗೂ ಜಗಳ ಅಂತಾರಲ್ಲ ಮೇಡಂ, ಆ ಮೂಲೆ ರೂಮಿನದ್ದು?”

“ಜಗಳಾನಾ?” ಅವರು ನಿಜವಾಗಿಯೂ ಬೆರಗಾದರು. “ಆ ರೂಮು ಸೋರ್ತಿತ್ತು. ಬೀರು ಹಾಳಾಗುತ್ತೆ ಅಂತ ಅವರೇ ಆಚೆ ಸಾಗಿಸ್ಕೊಂಡ್ರು. ನಮ್ಮ ಬಾಟ್ಲಿಗೆ ಸೋರಿದ್ರೂ ಪರವಾಗಿಲ್ಲ ಅಂತ ನಾವು ತಗೊಂಡ್ವಿ. ಆ ಆಸಿಡ್ ವಾಸನೆಗೆ ಅವರಿಗೆ ಉಬ್ಬಸ ಬರುತ್ತೆ, ಅದಕ್ಕೇ ಈ ಕಡೆ ಬರಲ್ಲ. ಪಾಠದ ದಿನಾನೂ ಅವರ ಗಂಟೆಗೆ ಅವರು, ನನ್ನ ಗಂಟೆಗೆ ನಾನು.”

ಆಗ ನನಗೆ ಎಲ್ಲವೂ ಬಿಡಿಸಿದಂತೆ ಕಂಡಿತು. ವಿಜ್ಞಾನದ ಪ್ರಶ್ನೆಗಳನ್ನು ಹೆಚ್ಚು ಆರಿಸಿಕೊಂಡ ವಿದ್ಯಾರ್ಥಿಗೆ ಇತಿಹಾಸದವರಿಂದ ಬೊಗಸೆ ತುಂಬ ಅಂಕ, ವಿಜ್ಞಾನದವರಿಂದ ಚಿಟಿಕೆ. ಇತಿಹಾಸವನ್ನು ಹೆಚ್ಚು ಬರೆದವನಿಗೆ ಇದು ತಿರುಗಾಮುರುಗಾ. ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಬರೆದ ಕೆಲವರಿಗೆ ಮಾತ್ರ ಏರು ಇಳಿತ ಸರಿಹೋಗಿ ದೊಡ್ಡ ವ್ಯತ್ಯಾಸ ಬಂದಿರಲಿಲ್ಲ. ಇಡೀ ತರಗತಿಯನ್ನು ಸಿಕ್ಕಿಸಿದ್ದು ಹಗೆಯಲ್ಲ, ಇಬ್ಬರು ಸಜ್ಜನರ ಅತಿಯಾದ ಸಂಕೋಚ. ಅವರು ಪರಸ್ಪರರಿಗೆ ಕೊಟ್ಟ ಮರ್ಯಾದೆ ಮಕ್ಕಳ ಅಂಕವಾಗಿ ಇಳಿದಿತ್ತು.

ರಾಜಶೇಖರ್ ಅವರಿಗೆ ಹೇಳಿದಾಗ ಅವರಿಗೆ ಮೊದಲು ಹೊಳೆದ ಪರಿಹಾರ ಸುಲಭದ್ದು: ಇತಿಹಾಸದ ಉತ್ತರಗಳಿಗೆ ಪುಟ್ಟಸ್ವಾಮಿಯವರು ಹಾಕಿದ ಅಂಕ, ವಿಜ್ಞಾನದವಕ್ಕೆ ವಿಶಾಲಾಕ್ಷಿಯವರು ಹಾಕಿದ ಅಂಕ, ಎರಡನ್ನೂ ಕೂಡಿಸಿಬಿಡುವುದು. ಕೂಡಿಸಿ ನೋಡಿದೆವು. ತರಗತಿಯ ಹೆಚ್ಚಿನವರು ಫೇಲಾದರು. ಸ್ವಂತ ವಿಷಯದಲ್ಲಿ ಇಬ್ಬರೂ ಅಷ್ಟು ಬಿಗಿ ಹಿಡಿದಿದ್ದರು. ಉಳಿದ ದಾರಿ ಒಂದೇ, ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಹಳೆಯ ಅಂಕಗಳನ್ನು ಬದಿಗಿಟ್ಟು, ಪ್ರತಿ ಉತ್ತರವನ್ನೂ ಒಟ್ಟಿಗೆ ಓದಿಸುವುದು. ನಿಯಂತ್ರಕರು ಬೆಚ್ಚಿದರು. ಇಬ್ಬರು ಮೌಲ್ಯಮಾಪಕರು ಮಾತನಾಡಿಕೊಳ್ಳಬಾರದೆಂಬುದು ಪರೀಕ್ಷಾ ವಿಭಾಗದಲ್ಲಿ ದೇವರ ಮಾತಿನಷ್ಟೇ ಗಟ್ಟಿ.

“ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರು ವಾಲಬಾರದು ಅಂತ ಆ ಗೋಡೆ ಕಟ್ಟಿದ್ದು ಸಾರ್,” ಎಂದೆ. “ಇಲ್ಲಿ ಗೋಡೆ ಇದ್ದೂ ಇಬ್ಬರೂ ವಾಲಿದ್ದಾರೆ, ಮುಖ ನೋಡದೇನೇ. ಇನ್ನು ಗೋಡೆ ಇಟ್ಟುಕೊಂಡು ಏನು ಕಾಯೋದು?”

ಅವರು ಒಪ್ಪಿದರೆಂದು ಹೇಳಲಾರೆ, ದಣಿದರು. ಪರೀಕ್ಷಾ ಮಂಡಳಿಯನ್ನು ತುರ್ತಾಗಿ ಸೇರಿಸಿ, ಮೂರನೆಯ ಮೌಲ್ಯಮಾಪನವನ್ನು ಜಂಟಿಯಾಗಿ ನಡೆಸಲು ಪ್ರಾಂಶುಪಾಲರ ಸಮ್ಮುಖದಲ್ಲಿ ಅನುಮತಿ ಪಡೆದರು. ಇದು ಕೆಟ್ಟರೆ ಹೊಣೆ ಯಾರದೆಂದು ಸಭೆಯಲ್ಲಿ ಪ್ರಶ್ನೆ ಬಂದಾಗ ಎಲ್ಲರೂ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ಶುಕ್ರವಾರ ಬೆಳಿಗ್ಗೆ ಗ್ರಂಥಾಲಯದ ಪಕ್ಕದ ಕೊಠಡಿಯಲ್ಲಿ, ಆಸಿಡ್ ವಾಸನೆಗೆ ದೂರವಾಗಿ, ಮೇಜು ಹಾಕಿಸಿದೆ. ಮೇಲ್ವಿಚಾರಣೆಗೆಂದು ನಾನೂ ಕುಳಿತೆ. ಮೊದಲ ಕೆಲವು ಪತ್ರಿಕೆಗಳು ‘ನೀವು ಹೇಳಿ’, ‘ಛೆ ಛೆ, ನೀವೇ ಹೇಳಿ’ ಎನ್ನುವುದರಲ್ಲೇ ಕಳೆದವು. ಹೀಗಾದರೆ ಸೋಮವಾರ ಬಂದು ಹೋಗುತ್ತದೆಂದು ನಾನು ಗಡಿಯಾರ ನೋಡತೊಡಗಿದೆ. ಆಗ ಪುಟ್ಟಸ್ವಾಮಿಯವರು ಒಂದು ಉತ್ತರವನ್ನು ಓದುತ್ತ ನಗತೊಡಗಿದರು.

“ಈ ಮಗು ನೋಡಿ ಮೇಡಂ, ಬಾವಿ ಒಳಗಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಐತೆ ಅಂತ ಬರ್ದದೆ.”

“ಇಲ್ವಾ?” ಎಂದರು ವಿಶಾಲಾಕ್ಷಿ. “ನಾನು ಚಿಕ್ಕಂದಿನಿಂದ ಕೇಳಿದ್ದೀನಲ್ಲ.”

“ಮೈಸೂರಲ್ಲಿ ಯಾವ ಬಾವಿ ಕೇಳಿದ್ರೂ ಶ್ರೀರಂಗಪಟ್ಟಣಕ್ಕೇ ಸುರಂಗ ಕಣಮ್ಮ. ಅಷ್ಟು ಸುರಂಗ ಇದ್ದಿದ್ರೆ ಈ ಊರು ಎಂದೋ ಕುಸ್ದೋಗಿರೋದು. ಇದಕ್ಕೆ ನೀವು ಹೋದ ಸಲ ಎಷ್ಟು ಹಾಕಿದ್ರಿ?”

“ಒಂಬತ್ತು,” ಎಂದು ಅವರು ಮೆಲ್ಲಗೆ ಹೇಳಿದರು. ಮರುಕ್ಷಣ ಇಬ್ಬರೂ ನಕ್ಕರು. ಆ ನಗುವಿನಲ್ಲಿ ಸಂಕೋಚ ಮುರಿಯಿತು.

ಅದೇ ಪತ್ರಿಕೆಯ ಮುಂದಿನ ಉತ್ತರ ವಿಜ್ಞಾನದ್ದು. ನಿಮ್ಮ ಬಡಾವಣೆಯ ನೀರಿನ ಗಡಸುತನವನ್ನು ಹೇಗೆ ಪತ್ತೆಹಚ್ಚುವಿರಿ ಎಂಬ ಪ್ರಶ್ನೆ. ಗಡಸು ನೀರೆಂದರೆ ಸುಣ್ಣದ ಅಂಶ ಹೆಚ್ಚಿರುವ ನೀರು. ವಿದ್ಯಾರ್ಥಿ ಪ್ರಯೋಗದ ಕ್ರಮವನ್ನು ಅರ್ಧಂಬರ್ಧ ಬರೆದು, ಅನಂತರ ಬೇರೊಂದು ದಾರಿ ಹಿಡಿದಿದ್ದರು. ಬಡಾವಣೆಯಾಗುವ ಮೊದಲು ಅಲ್ಲಿದ್ದ ಎರಡು ಬಾವಿಗಳಲ್ಲಿ ಒಂದರ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲವೆಂದೂ, ಅಡುಗೆಗೆ ಹೆಂಗಸರು ದೂರದ ಬಾವಿಗೇ ಹೋಗುತ್ತಿದ್ದರೆಂದೂ, ಹಳೆಯ ಕಾಲುದಾರಿ ಆ ಬಾವಿಯ ಕಡೆಗೇ ತಿರುಗಿರುವುದು ಅದಕ್ಕೇ ಎಂದೂ, ಈಗಿನ ರಸ್ತೆಯ ತಿರುವು ಆ ಕಾಲುದಾರಿಯದೇ ಎಂದೂ ಬರೆದಿದ್ದರು.

“ಇದನ್ನ ನಾನು ಕಥೆ ಅಂತ ಹೊಡೆದುಹಾಕಿದ್ದೆ,” ಎಂದರು ವಿಶಾಲಾಕ್ಷಿ.

“ನಾನು ವಿಜ್ಞಾನ ಅಂತ ಓದ್ಲೇ ಇಲ್ಲ,” ಎಂದರು ಪುಟ್ಟಸ್ವಾಮಿ. ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೊಮ್ಮೆ ಓದಿದರು. “ಬೇಳೆ ಬೇಯ್ದೇ ಇರೋದು ನಿಜಾನಾ ಮೇಡಂ?”

“ನಿಜವೇ. ಸುಣ್ಣದ ಅಂಶ ಬೇಳೆ ಒಳಗೆ ಕೂತು ಮೆತ್ತಗಾಗೋಕೆ ಬಿಡಲ್ಲ. ಇದು ಪರೀಕ್ಷೆನೇ, ನಾವು ಲ್ಯಾಬಿನಲ್ಲಿ ಮಾಡೋದನ್ನ ಅವರು ಒಲೆ ಮೇಲೆ ಮಾಡಿದ್ದಾರೆ. ಕಾಲುದಾರಿ ಬಾವಿಗೋಸ್ಕರ ತಿರುಗಿತು ಅನ್ನೋದು?”

“ಅದಕ್ಕೆ ಇನ್ನೊಂದು ಸಾಕ್ಷಿ ಬೇಕು. ಆದ್ರೆ ಕೇಳ್ಬೇಕಾದ ಪ್ರಶ್ನೆ ಇದೇ ಕಣ್ರೀ. ನಾನು ಎಷ್ಟು ವರ್ಷದಿಂದ ಹಳೇ ದಾರಿಗಳ ಪಾಠ ಮಾಡ್ತಾ ಇದ್ದೀನಿ, ದಾರಿ ಯಾಕೆ ತಿರುಗಿತು ಅಂತ ಬೇಳೇನ ಕೇಳಿರ್ಲಿಲ್ಲ.”

ಆ ಉತ್ತರಕ್ಕೆ ಎಷ್ಟು ಎಂಬುದರ ಮೇಲೆ ಅವರಿಬ್ಬರೂ ಆಡಿದ ವಾದ ಕಾರಿಡಾರಿನವರೆಗೆ ಕೇಳಿಸಿತು. ವಿಶಾಲಾಕ್ಷಿಯವರು ಪ್ರಯೋಗದ ಭಾಗ ಅಪೂರ್ಣವೆಂದು ಅಂಕ ಕಡಿದರು, ಪುಟ್ಟಸ್ವಾಮಿಯವರು ಸಾಕ್ಷಿ ಸಾಲದೆಂದು ಕಡಿದರು, ಕಡಿದ ಮೇಲೆಯೂ ಹನ್ನೆರಡಕ್ಕೆ ಹತ್ತು ಉಳಿಯಿತು. ಲೋಕೇಶ ಬಾಗಿಲಲ್ಲಿ ಇಣುಕಿ, “ನಾನ್ ಹೇಳ್ಲಿಲ್ವಾ ಸಾರ್” ಎನ್ನುವಂತೆ ನನ್ನ ಕಡೆ ನೋಡಿದ. ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ ಜಗಳವೊಂದನ್ನು ಕೇಳಿ ಅಷ್ಟು ನೆಮ್ಮದಿಪಟ್ಟದ್ದು ಅದೊಂದೇ ಸಲ.

ಶನಿವಾರ ಸಂಜೆಗೆ ಎಲ್ಲ ಪತ್ರಿಕೆಗಳೂ ಮುಗಿದವು. ಗುಪ್ತ ಸಂಖ್ಯೆಗಳನ್ನು ಬಿಡಿಸಿದಾಗ ಬೇಳೆಯ ಉತ್ತರ ಮಮತಾಳದೆಂದು ತಿಳಿಯಿತು. ಮೊದಲು ಇಪ್ಪತ್ತು ಮತ್ತು ನಲವತ್ತೇಳು ಬಂದಿದ್ದ ಪತ್ರಿಕೆ ಅವಳದೇ. ಈಗ ಮೂವತ್ತನಾಲ್ಕು ಬಂದಿತ್ತು. ಎಲ್ಲರಿಗೂ ಒಳ್ಳೆಯದೇ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಕೆಲವರು ಫೇಲಾದರು. ಆದರೆ ಏಕೆ ಫೇಲಾದರೆಂದು ಹೇಳಬಲ್ಲ ಇಬ್ಬರು ಈಗ ಕಾಲೇಜಿನಲ್ಲಿದ್ದರು.

ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಮಮತಾ ಮತ್ತು ಅವಳ ತಾಯಿ ಮೆಟ್ಟಿಲ ಮೇಲೆ ಕುಳಿತಿದ್ದರು. ಅಂಕಪಟ್ಟಿಯನ್ನು ಅವಳ ಕೈಗಿಟ್ಟೆ. ಅವಳು ಒಂದು ಬಾರಿ ನೋಡಿ ತಾಯಿಗೆ ತೋರಿಸಿದಳು. ತಾಯಿ ಅದನ್ನು ಓದದೆ ಮಗಳ ಮುಖವನ್ನು ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, “ನಡಿ ನಡಿ, ಬಸ್ ಹೋಯ್ತದೆ” ಎಂದರು. ಮಮತಾ ಎರಡು ಮೆಟ್ಟಿಲಿಳಿದವಳು ತಿರುಗಿ ನಿಂತಳು.

“ಸಾರ್, ನಮ್ಮಜ್ಜಿ ಬೇಳೆ ವಿಷ್ಯ ಬರ್ದಿದ್ದೆ. ಬರ್ದು ಬಂದ್ಮೇಲೆ ಭಯ ಆಗಿತ್ತು, ಇದನ್ನ ಯಾರು ಓದ್ತಾರೆ ಅಂತ. ಓದಿದ್ರಾ?”

“ಓದಿದ್ರು ಕಣಮ್ಮ. ಇಬ್ರೂ ಓದಿದ್ರು.”

“ಅಷ್ಟೇ ಸಾಕು ಬುಡಿ,” ಎಂದು ತಾಯಿಯ ಹಿಂದೆ ಓಡಿದಳು. ನಾನು ಒಳಗೆ ಬಂದು ಕುಳಿತು, ಬಹಳ ದಿನಗಳ ಮೇಲೆ ಸಕ್ಕರೆ ಹಾಕಿದ ಕಾಫಿ ತರಿಸಿಕೊಂಡೆ.

ಪತ್ರಿಕೆ ರದ್ದಾಗಲಿಲ್ಲ. ಮರುವರ್ಷ ಇಬ್ಬರೂ ಒಂದೇ ಗಂಟೆಯಲ್ಲಿ ಒಂದೇ ಕೊಠಡಿಗೆ ಹೋಗಿ ಪಾಠ ಮಾಡಿದರು. ಪ್ರಶ್ನೆಗಳನ್ನು ಎರಡು ಭಾಗ ಮಾಡುವುದನ್ನೂ ನಿಲ್ಲಿಸಿದರು. ನಾನು ನಿವೃತ್ತನಾದೆ. ಈಗ ಎಂದಾದರೂ ಕಾಲೇಜಿಗೆ ಹೋದರೆ ಹೊಸದೊಂದು ಕಥೆ ಕಿವಿಗೆ ಬೀಳುತ್ತದೆ: ಬದ್ಧವೈರಿಗಳಾಗಿದ್ದ ಇಬ್ಬರು ಪ್ರಾಧ್ಯಾಪಕರನ್ನು ನಂಜುಂಡಯ್ಯನವರು ಒಂದು ಮೇಜಿಗೆ ಕೂರಿಸಿ ರಾಜಿ ಮಾಡಿಸಿದರಂತೆ. ಇದನ್ನು ಹೇಳುವವರಲ್ಲಿ ಲೋಕೇಶ ಮೊದಲಿಗ. ಎಲ್ಲರೂ ಹೀಗೆ ಹೇಳುತ್ತಾರೆಂಬ ಕಾರಣಕ್ಕಾಗಿಯೇ ನಾನಿದನ್ನು ಬರೆದಿಡುತ್ತಿದ್ದೇನೆ. ಅಲ್ಲಿ ವೈರವಿರಲಿಲ್ಲ, ರಾಜಿಯೂ ಆಗಲಿಲ್ಲ. ರಾಜಿ ಮೊದಲೇ ಆಗಿಹೋಗಿತ್ತು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡದ ರಾಜಿ. ನಾನು ಮಾಡಿದ್ದು ಅದನ್ನು ಮುರಿದದ್ದಷ್ಟೆ.

ಎರಡು ಶಾಸ್ತ್ರಗಳನ್ನು ಒಂದೇ ಪುಸ್ತಕದಲ್ಲಿ ಹೊಲಿಯುವುದು ಕಷ್ಟವಲ್ಲ. ‘ನನಗಿದು ತಿಳಿಯದು, ನೀವು ಹೇಳಿ’ ಎಂದು ಕೇಳಿ, ಹೇಳಿದ ಮೇಲೆ ‘ನಿಜವೇ?’ ಎಂದು ಮತ್ತೆ ಕೇಳುವುದು ಕಷ್ಟ. ಪರೀಕ್ಷಾ ವಿಭಾಗದ ಕೆಲಸ ನನಗೆ ಕಲಿಸಿದ್ದು ಇದು. ಓದದೆ ಕೊಟ್ಟ ಪೂರ್ಣ ಅಂಕಕ್ಕಿಂತ, ಓದಿ ಜಗಳವಾಡಿ ಕೊಟ್ಟ ಮೂವತ್ತನಾಲ್ಕು ದೊಡ್ಡದು. ಆ ಹುಡುಗಿ ಈಗ ಶ್ರೀರಾಂಪುರದ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ತರಗತಿಗೆ ಎರಡು ಬಗೆಯ ನೀರಿನಲ್ಲಿ ಬೇಯಿಸಿದ ಎರಡು ಪಾತ್ರೆ ತೊಗರಿಬೇಳೆ ತರಿಸುತ್ತಾಳೆಂದು ಕೇಳಿದೆ. ಇದನ್ನು ಮಾತ್ರ ನಾನು ಪರೀಕ್ಷಿಸಲು ಹೋಗಿಲ್ಲ.